ಸ್ಯಾಲರಿ ಸ್ಲಿಪ್ ಇಲ್ಲದೆ ಹೊಸ ನಗರಕ್ಕೆ: ಕೈಯಲ್ಲಿರುವ ಹಣ ಸಾಕಾ?

ಪ್ರಶ್ನೆ: ನನಗೆ 23 ವರ್ಷ. ಹೋದ ವರ್ಷ ಡಿಗ್ರಿ ಮುಗಿಸಿದೆ. ಓದುವಾಗಲೇ ಶುರು ಮಾಡಿದ್ದ ಗ್ರಾಫಿಕ್ ಡಿಸೈನ್ ಕೆಲಸವನ್ನೇ ಈಗ ಫ್ರೀಲ್ಯಾನ್ಸ್ ಆಗಿ ಮಾಡುತ್ತಿದ್ದೇನೆ. ಮೂವರು ಕ್ಲೈಂಟ್‌ಗಳಿದ್ದಾರೆ. ಅವರಲ್ಲಿ ಒಬ್ಬರಿಂದಲೇ ಅರ್ಧಕ್ಕಿಂತ ಜಾಸ್ತಿ ಆದಾಯ. ಅಪ್ಪ ಅಮ್ಮನ ಜೊತೆ ಇರುವುದರಿಂದ ಬಾಡಿಗೆ ಇಲ್ಲ. ಒಳ್ಳೆಯ ತಿಂಗಳಲ್ಲಿ ನನ್ನ ಖರ್ಚಿನ ನಾಲ್ಕು ಪಟ್ಟು ಬರುತ್ತದೆ, ಕೆಟ್ಟ ತಿಂಗಳಲ್ಲಿ ಒಂದೂವರೆ ಪಟ್ಟು. ಲ್ಯಾಪ್‌ಟಾಪ್ ತೆಗೆದುಕೊಂಡ ಮೇಲೆ ಈಗ ಉಳಿದಿರುವುದು ಐದು ತಿಂಗಳ ಖರ್ಚಿನಷ್ಟು ಹಣ.

ದೊಡ್ಡ ನಗರಕ್ಕೆ ಹೋದರೆ ಕೆಲಸ ತಾನಾಗಿ ಬರುತ್ತದೆ ಅಂತ ಸ್ನೇಹಿತರು ಹೇಳುತ್ತಾರೆ. ಅಲ್ಲಿ ಇಬ್ಬರು ಹುಡುಗಿಯರ ಜೊತೆ ಶೇರಿಂಗ್‌ನಲ್ಲಿ ಒಂದು ರೂಮ್ ಖಾಲಿ ಇದೆ. ನನ್ನ ಪಾಲಿನ ಬಾಡಿಗೆಯೇ ಈಗಿನ ಇಡೀ ತಿಂಗಳ ಖರ್ಚಿನಷ್ಟು. ಅದರ ಮೇಲೆ ಎರಡು ತಿಂಗಳ ಬಾಡಿಗೆ ಡೆಪಾಸಿಟ್. ಓನರ್ ಸ್ಯಾಲರಿ ಸ್ಲಿಪ್ ಕೇಳಿದ್ದಾರೆ. ಸ್ನೇಹಿತನೊಬ್ಬ ತನ್ನ ಆಫೀಸಿನ ಹೆಸರಲ್ಲಿ ಒಂದು ಮಾಡಿಕೊಡುತ್ತೇನೆ ಅನ್ನುತ್ತಿದ್ದಾನೆ. ಇನ್ನೊಬ್ಬಳು, ಒಂದು ವರ್ಷದ ಬಾಡಿಗೆ ಮೊದಲೇ ಕೊಟ್ಟರೆ ಯಾರೂ ಏನೂ ಕೇಳುವುದಿಲ್ಲ ಅನ್ನುತ್ತಾಳೆ. ಇದರ ಮಧ್ಯೆ ಆನ್‌ಲೈನ್‌ನಲ್ಲಿ ಒಂದು ಸಿಂಗಲ್ ರೂಮ್ ನೋಡಿದೆ. ಬಾಡಿಗೆ ಅರ್ಧಕ್ಕರ್ಧ ಕಡಿಮೆ. ಓನರ್ ವಿದೇಶದಲ್ಲಿದ್ದಾರಂತೆ, ಶನಿವಾರದೊಳಗೆ ಟೋಕನ್ ಹಾಕಿದರೆ ಕೀ ಕೊರಿಯರ್ ಮಾಡುತ್ತಾರಂತೆ. ಅಪ್ಪ, ಮೊದಲು ಒಂದು ಕೆಲಸ ಹಿಡಿ, ಆಮೇಲೆ ಎಲ್ಲಿಗಾದರೂ ಹೋಗು ಅನ್ನುತ್ತಾರೆ. ನಾನು ದುಡುಕುತ್ತಿದ್ದೇನಾ?

ಉತ್ತರ: ಮೊದಲು ತುರ್ತಿನ ಮಾತು. ಶನಿವಾರದ ಟೋಕನ್ ಕಳಿಸಬೇಡಿ. ಬಾಡಿಗೆ ಅರ್ಧಕ್ಕರ್ಧ ಕಡಿಮೆ, ಓನರ್ ಊರಲ್ಲಿಲ್ಲ, ಕೀ ಕೊರಿಯರ್‌ನಲ್ಲಿ ಬರುತ್ತದೆ, ದಿನ ಕಡಿಮೆ ಇದೆ: ಬಾಡಿಗೆ ಹೆಸರಲ್ಲಿ ಆಗುವ ಮೋಸಗಳು ಎಷ್ಟೋ ಸಲ ಈ ನಾಲ್ಕು ಮಾತಿನಿಂದಲೇ ಶುರುವಾಗುತ್ತವೆ. ಆ ಫೋಟೋಗಳನ್ನು ಇಮೇಜ್ ಸರ್ಚ್‌ಗೆ ಹಾಕಿ ನೋಡಿ. ಬೇರೆ ಯಾವುದೋ ಊರಿನ, ಬೇರೆ ಯಾವುದೋ ಮನೆಯ ಜಾಹೀರಾತಿನಲ್ಲಿ ಅವೇ ಫೋಟೋಗಳು ಸಿಕ್ಕರೆ ಆಶ್ಚರ್ಯಪಡಬೇಡಿ. ಸಿಗದಿದ್ದರೂ ಹಣ ಕಳಿಸುವಂತಿಲ್ಲ. ನೀವೋ, ನೀವು ನಂಬುವ ಒಬ್ಬರೋ ಒಳಗೆ ಹೋಗಿ ನಿಂತು ನೋಡದ ಮನೆಗೆ ಒಂದು ಪೈಸೆಯೂ ಬೇಡ.

ಇನ್ನು ನಿಮ್ಮ ಪ್ರಶ್ನೆ. ಸ್ಯಾಲರಿ ಸ್ಲಿಪ್, ಶೇರಿಂಗ್, ಅಪ್ಪನ ಮಾತು ಅಂತ ಬೇರೆ ಬೇರೆ ಕೇಳಿದ್ದೀರಿ. ಆದರೆ ಎಲ್ಲದರ ಅಡಿಯಲ್ಲಿ ಇರುವ ಭಯ ಒಂದೇ ಅಲ್ವಾ? ಇರುವ ಹಣ ಸಾಕಾಗದೆ, ಸೋತು ವಾಪಸ್ ಬರಬೇಕಾದರೆ ಏನು ಗತಿ ಅಂತ. ಸ್ವಂತ ಕೆಲಸ ಮಾಡುವವರಿಗೆ ಹಣಕಾಸಿನ ಸಲಹೆ ಕೊಡುವುದು ನನ್ನ ವೃತ್ತಿ. ಊರು ಬದಲಿಸಿ ಕಷ್ಟಕ್ಕೆ ಸಿಕ್ಕವರ ಲೆಕ್ಕ ಬಹಳ ನೋಡಿದ್ದೇನೆ. ಅವರಲ್ಲಿ ಹೆಚ್ಚಿನವರಿಗೆ ದುಡಿಮೆ ಕಡಿಮೆ ಇರಲಿಲ್ಲ. ಹಣ ಹೋಗುವ ತಾರೀಖು ಮೊದಲು ಬಂತು, ಬರುವ ತಾರೀಖು ಆಮೇಲೆ ಬಂತು. ಅಷ್ಟೇ ಆಗಿದ್ದು. ಆ ಅಂತರದಲ್ಲಿ ಸಾಲ ಹುಟ್ಟಿತು.

ನಿಮ್ಮದೇ ಅಂಕಿ ತೆಗೆದುಕೊಳ್ಳೋಣ. ಈಗಿನ ತಿಂಗಳ ಖರ್ಚನ್ನು 100 ಅಂತ ಇಟ್ಟುಕೊಳ್ಳಿ. ಉಳಿತಾಯ 500. ಕೇಳಲು ಐದು ತಿಂಗಳ ಧೈರ್ಯ. ಆದರೆ ಅದು ಬಾಡಿಗೆ ಇಲ್ಲದ ಮನೆಯ ಐದು ತಿಂಗಳು. ಹೊಸ ಊರಲ್ಲಿ ಬಾಡಿಗೆ 100, ಊಟ, ಓಡಾಟ, ಇಂಟರ್‌ನೆಟ್, ಕರೆಂಟು, ಇತರೆ ಎಲ್ಲ ಸೇರಿ ಇನ್ನೊಂದು 120 ಅಂದುಕೊಳ್ಳಿ. ತಿಂಗಳಿಗೆ 220 ಆಯಿತು. ಅದಕ್ಕೂ ಮೊದಲು, ಕಾಲಿಟ್ಟ ದಿನವೇ ಡೆಪಾಸಿಟ್ 200. ಹಾಸಿಗೆ, ಮೇಜು, ಕುರ್ಚಿ, ಪಾತ್ರೆ, ಬಕೆಟ್ಟು ಅಂತ 60. ಪ್ರಯಾಣ, ಸಾಮಾನು ಸಾಗಿಸುವುದಕ್ಕೆ 30. ಬ್ರೋಕರ್ ಇಲ್ಲ ಅಂತಲೇ ಇಟ್ಟುಕೊಳ್ಳೋಣ. ಒಟ್ಟು 290 ಹೋಯಿತು. ಕೈಯಲ್ಲಿ ಉಳಿದದ್ದು 210.

ನೋಡಿದಿರಾ? ಐದು ತಿಂಗಳ ಉಳಿತಾಯ ಒಂದೇ ದಿನದಲ್ಲಿ ಒಂದು ತಿಂಗಳಿಗೂ ಸಾಲದ ಹಣವಾಯಿತು. ಮೊದಲ ತಿಂಗಳು ಬರಬೇಕಾದ ಪೇಮೆಂಟ್ ಸ್ವಲ್ಪ ತಡವಾದರೆ ಸಾಕು, 30ನೇ ದಿನಕ್ಕೆ ನೀವು 10 ಮೈನಸ್‌ನಲ್ಲಿ ಇರುತ್ತೀರಿ. ಕೆಲಸ ಇದ್ದೂ, ದುಡಿದಿದ್ದೂ. ನಿಮ್ಮದೇ 200 ಓನರ್ ಹತ್ತಿರ ಇರುತ್ತದೆ, ಅದನ್ನು ಮುಟ್ಟುವಂತಿಲ್ಲ.

ಪೇಮೆಂಟ್ ಯಾಕೆ ತಡವಾಗುತ್ತದೆ ಅಂತಲೂ ನೋಡಿ. 1ನೇ ತಾರೀಖು ಕೆಲಸ ಶುರು ಮಾಡುತ್ತೀರಿ. 20ಕ್ಕೆ ಮುಗಿಯುತ್ತದೆ. ಎಲ್ಲ ಸೇರಿಸಿ ತಿಂಗಳ ಕೊನೆಗೆ ಬಿಲ್ ಕಳಿಸೋಣ ಅಂತ ಹತ್ತು ದಿನ ಸುಮ್ನೆ ಹೋಗುತ್ತದೆ. ಬಿಲ್ ಮೇಲೆ 30 ದಿನದ ಗಡುವು. ಆ ಕಡೆಯವರು ಒಂದು ಸಹಿಗಾಗಿ ಇನ್ನೂ ಹತ್ತು ದಿನ ಎಳೆಯುತ್ತಾರೆ. ಕೆಲಸ ಶುರುವಾದ ದಿನದಿಂದ ಹಣ ಬರುವಷ್ಟರಲ್ಲಿ 70 ದಿನ. ಬಾಡಿಗೆಗೆ ಮಾತ್ರ ಇಂಥ ಗಡುವು ಇಲ್ಲ.

ಈ 70 ದಿನವನ್ನು ಕಡಿಮೆ ಮಾಡುವುದು ನಿಮ್ಮ ಕೈಯಲ್ಲೇ ಇದೆ. ಊರು ಬಿಡುವ ಮೊದಲು ಮಾಡಬೇಕಾದ ಮುಖ್ಯ ಕೆಲಸವೂ ಇದೇ. ಹೊಸ ಕೆಲಸಕ್ಕೆ ಶೇ 40ರಷ್ಟು ಮುಂಗಡ ಕೇಳಿ. ಕೆಲಸ ಒಪ್ಪಿಸಿದ ದಿನವೇ ಬಿಲ್ ಕಳಿಸಿ. ಗಡುವನ್ನು 15 ದಿನ ಅಂತ ಬರೆಯಿರಿ. ಆಗ ಶುರುವಲ್ಲೇ ಒಂದಿಷ್ಟು ಕೈಗೆ ಬರುತ್ತದೆ, ಉಳಿದದ್ದು 35ನೇ ದಿನಕ್ಕೆ. ಕೇಳಲು ಸಂಕೋಚ ಆಗುತ್ತದೆ ಅಂತ ನನ್ನ ಹತ್ತಿರ ಬರುವ ಎಳೆಯರೆಲ್ಲ ಹೇಳುತ್ತಾರೆ. ಇಷ್ಟೇ ಬರೆಯಿರಿ: “ಮುಂದಿನ ತಿಂಗಳಿಂದ ಹೊಸ ಕೆಲಸಗಳಿಗೆ ಶೇ 40 ಮುಂಗಡ ತೆಗೆದುಕೊಳ್ಳುತ್ತಿದ್ದೇನೆ. ಉಳಿದದ್ದು ಕೆಲಸ ಒಪ್ಪಿಸಿದ 15 ದಿನದೊಳಗೆ. ನಿಮಗೆ ಅನುಕೂಲವಾ ತಿಳಿಸಿ.” ಕ್ಷಮೆ ಕೇಳಬೇಡಿ, ಊರು ಬದಲಿಸುವ ಕಥೆ ಹೇಳಬೇಡಿ. ಮೂವರಲ್ಲಿ ಒಬ್ಬರು ಒಪ್ಪಿದರೂ ಆ ಮೊದಲ ತಿಂಗಳ ಚಿತ್ರ ಬದಲಾಗುತ್ತದೆ.

ಈಗ ಅದೇ 500ನ್ನು ಇನ್ನೊಂದು ದಾರಿಯಲ್ಲಿ ಖರ್ಚು ಮಾಡಿ ನೋಡೋಣ. ಮೊದಲ ಮೂರು ತಿಂಗಳಿಗೆ ಡೆಪಾಸಿಟ್ ಇಲ್ಲದ, ಹಾಸಿಗೆ ಮೇಜು ಇರುವ, ತಿಂಗಳು ತಿಂಗಳು ಹಣ ಕಟ್ಟುವ ಒಂದು ಜಾಗ. ಹಾಸ್ಟೆಲ್ ಇರಬಹುದು, ಯಾರಾದರೂ ಮೂರು ತಿಂಗಳು ಊರಿಗೆ ಹೋದಾಗ ಖಾಲಿ ಬೀಳುವ ರೂಮ್ ಇರಬಹುದು. ಇಂಥ ಜಾಗಕ್ಕೆ ಬಾಡಿಗೆ ಜಾಸ್ತಿ. 130 ಅಂತ ಇಟ್ಟುಕೊಳ್ಳಿ. ತಿಂಗಳ ಖರ್ಚು 250. ಮೇಲ್ನೋಟಕ್ಕೆ ದುಬಾರಿ.

ಮೂರೂ ತಿಂಗಳು ನಿಮ್ಮ ಕೆಟ್ಟ ತಿಂಗಳುಗಳೇ ಆದವು, ತಲಾ 150 ಮಾತ್ರ ಬಂತು ಅನ್ನಿ. ಮೊದಲ ದಾರಿಯಲ್ಲಿ ಪ್ರತಿ ತಿಂಗಳು 70 ಕೊರತೆ. ಮೂರು ತಿಂಗಳಿಗೆ 210. ಉಳಿದಿದ್ದ 210 ಪೂರ್ತಿ ಖಾಲಿ. ವಾಪಸ್ ಬರುವ ಬಸ್ ಚಾರ್ಜಿಗೂ ಯಾರನ್ನಾದರೂ ಕೇಳಬೇಕು. ಎರಡನೇ ದಾರಿಯಲ್ಲಿ ಪ್ರಯಾಣಕ್ಕೆ 30 ಹೋಯಿತು, ತಿಂಗಳಿಗೆ 100ರಂತೆ ಕೊರತೆ 300. ಕೈಯಲ್ಲಿ 170 ಇದೆ. ಬಾಡಿಗೆ ಜಾಸ್ತಿ ಕೊಟ್ಟವರ ಕೈಯಲ್ಲೇ ಹಣ ಉಳಿದಿದೆ. ಮೂರು ತಿಂಗಳಲ್ಲಿ ಆ ನಗರದ ಯಾವ ಭಾಗ ನಿಮಗೆ ಸರಿ, ಎಲ್ಲಿ ಸದ್ದು, ಎಲ್ಲಿ ನೀರಿನ ತೊಂದರೆ ಅಂತಲೂ ತಿಳಿದಿರುತ್ತದೆ. ಫೋಟೋ ನೋಡಿ ಆರಿಸಿದ ಮನೆಯಲ್ಲಿ ವರ್ಷ ಕಳೆಯುವುದಕ್ಕಿಂತ ಇದು ಎಷ್ಟೋ ಮೇಲು.

ನಿಮ್ಮ 500 ಬಗ್ಗೆ ಒಂದು ಅನುಮಾನ ನನಗಿದೆ. ಅದರಲ್ಲಿ ತೆರಿಗೆ ಕಟ್ಟಬೇಕಾದ ಹಣವೂ ಸೇರಿಕೊಂಡಿದೆಯಾ? ಫ್ರೀಲ್ಯಾನ್ಸ್ ಶುರು ಮಾಡಿದವರು ಮೊದಲ ವರ್ಷ ಇದನ್ನು ಮರೆಯುವುದು ಬಹಳ. ಸೇರಿದ್ದರೆ ಅದನ್ನು ತೆಗೆದು ಬೇರೆ ಖಾತೆಗೆ ಹಾಕಿ, ಆಮೇಲೆ ಮೇಲಿನ ಲೆಕ್ಕ ಮತ್ತೆ ಮಾಡಿ.

ಆದಾಯದ ಶೇ 30ರೊಳಗೆ ಬಾಡಿಗೆ ಇರಬೇಕು ಅನ್ನುವ ಮಾತನ್ನು ನೀವೂ ಕೇಳಿರಬಹುದು. ಆ ಅಂಕಿ ಎಲ್ಲಿಂದ ಬಂತು ಗೊತ್ತಾ? 1969ರಲ್ಲಿ ಅಮೆರಿಕದಲ್ಲಿ ಸೆನೆಟರ್ ಎಡ್ವರ್ಡ್ ಬ್ರೂಕ್ ಹೆಸರಿನ ಒಂದು ತಿದ್ದುಪಡಿ ಬಂತು. ಸರ್ಕಾರಿ ವಸತಿಯಲ್ಲಿರುವ ಬಡವರಿಂದ ಆದಾಯದ ಶೇ 25ಕ್ಕಿಂತ ಜಾಸ್ತಿ ಬಾಡಿಗೆ ತೆಗೆದುಕೊಳ್ಳಬಾರದು ಅಂತ. 1981ರಲ್ಲಿ ಅದನ್ನು ಶೇ 30 ಮಾಡಿದರು. ಸರ್ಕಾರ ತನ್ನ ಬಾಡಿಗೆದಾರರಿಗೆ ಹಾಕಿದ ಮಿತಿ ಅದು. ಬರಬರುತ್ತಾ ಜಗತ್ತಿನ ಎಲ್ಲರಿಗೂ ಅನ್ವಯಿಸುವ ಸೂತ್ರದಂತೆ ಆಡಿಕೊಂಡು ಬಂದರು. ಪ್ರತಿ ತಿಂಗಳು ಒಂದೇ ಸಂಬಳ ಬರುವವರಿಗೆ ಅದು ಒಂದು ಅಂದಾಜು ಕೊಡಬಹುದು. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ. ನಿಮ್ಮ ಹಾಸಿಗೆಯ ಉದ್ದ ತಿಂಗಳಿಗೊಂದು ಥರ. ಯಾವ ತಿಂಗಳಿನ ಶೇ 30 ತೆಗೆದುಕೊಳ್ಳುತ್ತೀರಿ? 400 ಬಂದ ತಿಂಗಳಿನದೋ, 150 ಬಂದ ತಿಂಗಳಿನದೋ?

ನಾನು ಹೇಳುವ ಕ್ರಮ ಬೇರೆ. ಕಳೆದ 12 ತಿಂಗಳಲ್ಲಿ ಬ್ಯಾಂಕಿಗೆ ನಿಜವಾಗಿ ಬಂದ ಹಣವನ್ನು ಒಂದು ಹಾಳೆಯಲ್ಲಿ ಬರೆಯಿರಿ. ಬಿಲ್ ಮಾಡಿದ್ದನ್ನಲ್ಲ, ಬಂದದ್ದನ್ನು. ಅತಿ ಕಡಿಮೆ ಬಂದ ಮೂರು ತಿಂಗಳ ಸರಾಸರಿ ತೆಗೆಯಿರಿ. ಆ ಸರಾಸರಿಯಲ್ಲಿ ಬಾಡಿಗೆ ಮತ್ತು ಊಟ ಎರಡೂ ನಡೆಯಬೇಕು. ಉಳಿದ ಖರ್ಚಿಗೆ ಉಳಿತಾಯ ಆಸರೆಯಾದರೆ ಪರವಾಗಿಲ್ಲ. ಒಳ್ಳೆಯ ತಿಂಗಳು ಬಂದಾಗ ಜಾಸ್ತಿ ಬಂದದ್ದೆಲ್ಲ ಆ ಉಳಿತಾಯಕ್ಕೆ ವಾಪಸ್ ಹೋಗಬೇಕು.

ನಿಮ್ಮ ಪತ್ರದಲ್ಲಿ ನನಗೆ ನಿಜಕ್ಕೂ ಚಿಂತೆ ಹುಟ್ಟಿಸಿದ್ದು ಬಾಡಿಗೆಯಲ್ಲ. ಅರ್ಧಕ್ಕಿಂತ ಜಾಸ್ತಿ ಆದಾಯ ಒಬ್ಬರಿಂದಲೇ ಬರುತ್ತಿದೆ ಅನ್ನುವ ಆ ಒಂದು ಸಾಲು. ನೀವು ಅದನ್ನು ಹಾಗೇ ಹೇಳಿ ಮುಂದೆ ಹೋಗಿದ್ದೀರಿ. ಆ ಕ್ಲೈಂಟ್ ನಿಂತರೆ ಕೆಟ್ಟ ತಿಂಗಳ 150 ಹೋಗಿ 70 ಆಗುತ್ತದೆ. ಆಗ ಎರಡನೇ ದಾರಿಯಲ್ಲೂ ತಿಂಗಳಿಗೆ 180 ಕೊರತೆ. 470 ಇದ್ದದ್ದು ಒಂದು ತಿಂಗಳಿಗೆ 290, ಎರಡನೇ ತಿಂಗಳಿಗೆ 110. ಮೂರನೇ ತಿಂಗಳು ಇಲ್ಲ. ಕೆಲವು ವರ್ಷದ ಹಿಂದೆ ಒಬ್ಬ ಹುಡುಗ ನನ್ನ ಹತ್ತಿರ ಬಂದಿದ್ದ. ವಿಡಿಯೊ ಎಡಿಟಿಂಗ್ ಮಾಡುತ್ತಿದ್ದ, ಕೆಲಸ ಚೆನ್ನಾಗಿತ್ತು. ಊರು ಬದಲಿಸಿ ಐದನೇ ವಾರಕ್ಕೆ ಅವನ ದೊಡ್ಡ ಕ್ಲೈಂಟ್ ಆ ಕೆಲಸಕ್ಕೆ ತಮ್ಮದೇ ಸಿಬ್ಬಂದಿ ಇಟ್ಟುಕೊಂಡರು. ಅವನದೇನೂ ತಪ್ಪಿರಲಿಲ್ಲ. ಮನೆಯ ಅಗ್ರಿಮೆಂಟ್‌ನಲ್ಲಿ ಆರು ತಿಂಗಳು ಬಿಡುವಂತಿಲ್ಲ ಅಂತ ಇತ್ತು. ಅವನು ಕ್ಯಾಮೆರಾ ಮಾರಿ ಬಾಡಿಗೆ ಕಟ್ಟಿದ. ದುಡಿಯುವ ಸಾಧನವನ್ನೇ ಮಾರಿದ ಮೇಲೆ ಮೇಲೇಳುವುದು ಎಷ್ಟು ಕಷ್ಟ ಅಂತ ನಾನು ಪಕ್ಕದಲ್ಲಿದ್ದು ನೋಡಿದ್ದೇನೆ.

ಅದಕ್ಕೇ ಆ ಕ್ಲೈಂಟ್ ಹತ್ತಿರ ಈಗಲೇ ಮಾತಾಡಿ. ಮುಂದಿನ ಮೂರು ತಿಂಗಳ ಕೆಲಸ ಎಷ್ಟಿರಬಹುದು ಅಂತ ಕೇಳಿ, ಆಗುವುದಾದರೆ ತಿಂಗಳಿಗೆ ಇಷ್ಟು ಕೆಲಸ, ಇಷ್ಟು ಹಣ ಅಂತ ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಬರೆದುಕೊಟ್ಟ ಮಾತ್ರಕ್ಕೆ ಗ್ಯಾರಂಟಿ ಅಲ್ಲ, ಆದರೆ ಅವರು ಬರೆಯಲು ಹಿಂಜರಿದರೆ ಅದೇ ಒಂದು ಉತ್ತರ.

ದೊಡ್ಡ ನಗರಕ್ಕೆ ಹೋದರೆ ಕೆಲಸ ತಾನಾಗಿ ಬರುತ್ತದೆಯಾ? ಈ ಮಾತಿನಲ್ಲಿ ಅರ್ಧ ನಿಜ ಇದೆ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ನನ್ನ ಅನುಭವಕ್ಕೂ ಹತ್ತಿರ ಇದೆ. ಪರಿಚಯದವರ ಮೂಲಕ ಹೊಸ ಕೆಲಸ ಸಿಕ್ಕವರನ್ನು ಅವರು ವಿಚಾರಿಸಿದರು. ಪದೇ ಪದೇ ಭೇಟಿಯಾಗುವ ಆಪ್ತರ ಮೂಲಕ ಕೆಲಸ ಸಿಕ್ಕಿದ್ದು ಶೇ 16.7 ಜನರಿಗೆ ಮಾತ್ರ. ಆಗೊಮ್ಮೆ ಈಗೊಮ್ಮೆ ಸಿಗುವವರ ಮೂಲಕ ಶೇ 55.6. ತೀರಾ ಅಪರೂಪಕ್ಕೆ ಸಿಗುವವರ ಮೂಲಕ ಶೇ 27.8. ಆಪ್ತರಿಗೆ ಗೊತ್ತಿರುವುದು ಹೆಚ್ಚುಕಡಿಮೆ ನಿಮಗೂ ಗೊತ್ತಿರುತ್ತದೆ. ದೂರದ ಪರಿಚಯದವರು ಬೇರೆ ಕಡೆಯ ಸುದ್ದಿ ತರುತ್ತಾರೆ. ಅದು ನೌಕರಿ ಹುಡುಕಿದವರ ಅಧ್ಯಯನ, ಫ್ರೀಲ್ಯಾನ್ಸ್ ಮಾಡುವವರದ್ದಲ್ಲ. ಆದರೂ ಕಾರಣ ಒಂದೇ. ನಗರದಲ್ಲಿ ಇಂಥ ದೂರದ ಪರಿಚಯಗಳು ಸಿಗುವ ಅವಕಾಶ ಜಾಸ್ತಿ. ಆದರೆ ರೂಮಿನಲ್ಲಿ ಬಾಗಿಲು ಹಾಕಿಕೊಂಡು ಕೂತರೆ ಯಾವ ನಗರವೂ ಒಂದೇ. ಜನರ ಮಧ್ಯೆ ಹೋಗುವುದು ಒಂದು ಕೆಲಸ, ಅದಕ್ಕೆ ಸಮಯ ಬೇಕು, ಓಡಾಟಕ್ಕೆ ಹಣವೂ ಬೇಕು.

ನಿಮ್ಮ ವಿಷಯದಲ್ಲಿ ಎಷ್ಟು ನಿಜ ಅಂತ ತಿಳಿಯಲು ಕಳೆದ ಹತ್ತು ಕೆಲಸಗಳನ್ನು ಬರೆಯಿರಿ. ಪ್ರತಿಯೊಂದರ ಮುಂದೆ ಅದು ಯಾರಿಂದ ಬಂತು ಅಂತ ಬರೆಯಿರಿ. ಎಂಟು ಆನ್‌ಲೈನ್‌ನಿಂದಲೇ ಬಂದಿದ್ದರೆ ನಗರ ನಿಮ್ಮ ಆದಾಯವನ್ನು ತಕ್ಷಣ ಬದಲಿಸುವುದಿಲ್ಲ, ಖರ್ಚನ್ನು ಮಾತ್ರ ಬದಲಿಸುತ್ತದೆ. ಯಾರನ್ನೋ ಮುಖತಃ ಭೇಟಿಯಾದ ಮೇಲೆ ಬಂದ ಕೆಲಸಗಳೇ ಜಾಸ್ತಿ ಇದ್ದರೆ ನಗರಕ್ಕೆ ಹೋಗುವುದರಲ್ಲಿ ಅರ್ಥ ಇದೆ. ಇನ್ನೊಂದು ಮಾತು. ಸ್ವಂತವಾಗಿ ಬದುಕಿ ನೋಡಬೇಕು, ನನ್ನದೇ ಒಂದು ರೂಮ್ ಇರಬೇಕು ಅನ್ನುವ ಆಸೆಯಿಂದ ಹೋಗುತ್ತಿದ್ದರೆ ಅದೂ ಒಳ್ಳೆಯ ಕಾರಣವೇ. ಅದಕ್ಕೆ ಕೆಲಸದ ನೆಪ ಬೇಕಿಲ್ಲ. ಆದರೆ ಯಾವ ಕಾರಣಕ್ಕೆ ಹಣ ಖರ್ಚು ಮಾಡುತ್ತಿದ್ದೀರಿ ಅಂತ ನಿಮಗೆ ನೀವೇ ನೇರವಾಗಿ ಹೇಳಿಕೊಳ್ಳಿ.

ಸ್ಯಾಲರಿ ಸ್ಲಿಪ್ ವಿಷಯಕ್ಕೆ ಬರೋಣ. ಸ್ನೇಹಿತನ ಉಪಕಾರ ಬೇಡವೇ ಬೇಡ. ಅದು ಸುಳ್ಳು ದಾಖಲೆ. ಓನರ್ ಆ ಆಫೀಸಿಗೆ ಒಂದು ಫೋನ್ ಮಾಡಿದರೆ ನಿಮ್ಮ ಮನೆಯೂ ಹೋಗುತ್ತದೆ, ಅವನ ಕೆಲಸಕ್ಕೂ ಕುತ್ತು. ಮುಂದೆ ಡೆಪಾಸಿಟ್ ಬಗ್ಗೆ ಜಗಳ ಬಂದರೆ ನಿಮ್ಮ ಮಾತಿಗೆ ಬೆಲೆಯೇ ಇರುವುದಿಲ್ಲ.

ಓನರ್ ಸ್ಲಿಪ್ ಕೇಳುವುದು ಯಾಕೆ? ಪ್ರತಿ ತಿಂಗಳು ಬಾಡಿಗೆ ಬರುತ್ತದಾ ಅನ್ನುವ ಆತಂಕಕ್ಕೆ. ಆ ಆತಂಕಕ್ಕೆ ಉತ್ತರ ಕೊಡುವ ಬೇರೆ ಕಾಗದಗಳು ನಿಮ್ಮ ಹತ್ತಿರ ಇವೆ. ಒಂದು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟ್, ಕ್ಲೈಂಟ್‌ಗಳಿಂದ ಬಂದ ಹಣಕ್ಕೆ ಗೆರೆ ಎಳೆದು. ತೆರಿಗೆ ಸಲ್ಲಿಸಿದ್ದರೆ ಅದರ ಪ್ರತಿ. ನಡೆಯುತ್ತಿರುವ ಕೆಲಸದ ಒಪ್ಪಂದ. ಆಗ ಹೇಳಿದ ಆ ಇಮೇಲ್ ಸಿಕ್ಕಿದರೆ ಅದು ಇಲ್ಲೂ ಉಪಯೋಗಕ್ಕೆ ಬರುತ್ತದೆ. ಎಲ್ಲವನ್ನೂ ಒಂದು ಫೈಲ್ ಮಾಡಿ, ಮೇಲೆ ಒಂದು ಪುಟದ ಪತ್ರ ಇಡಿ: ನೀವು ಯಾರು, ಏನು ಕೆಲಸ, ಯಾವ ತಾರೀಖಿಗೆ ಬಾಡಿಗೆ ಕಟ್ಟುತ್ತೀರಿ ಅಂತ. ಕೇಳುವ ಮೊದಲೇ ಕೈಗೆ ಕೊಡಿ. ಕೇಳಿದ ಮೇಲೆ ತಡವರಿಸಿದವರಿಗೆ ಮನೆ ಕೊಡಲು ಹಿಂಜರಿಯುವ ಓನರ್ ಕೂಡ, ಫೈಲ್ ಹಿಡಿದು ಬಂದವರ ಮಾತು ಕೂತು ಕೇಳುತ್ತಾರೆ. ಅಷ್ಟಾದರೂ ಒಪ್ಪದಿದ್ದರೆ ಜಾಮೀನು ನಿಲ್ಲುವವರ ಹೆಸರು ಕೊಡಬಹುದು. ಅಪ್ಪನನ್ನು ಕೇಳುವುದಾದರೆ ನೀವು ಬಾಡಿಗೆ ಕಟ್ಟದಿದ್ದರೆ ಅವರು ಕಟ್ಟಬೇಕಾಗುತ್ತದೆ ಅಂತ ಬಿಡಿಸಿ ಹೇಳಿಯೇ ಸಹಿ ಹಾಕಿಸಿ.

ವರ್ಷದ ಬಾಡಿಗೆ ಮೊದಲೇ ಕೊಡುವುದು? ನಿಮ್ಮ ಉಳಿತಾಯ ಅದಕ್ಕೆ ಹೇಗೂ ಸಾಲದು. ಸಾಕಾದರೂ ನಾನು ಬೇಡ ಅನ್ನುತ್ತೇನೆ. ಎರಡನೇ ತಿಂಗಳಿಗೆ ಛಾವಣಿ ಸೋರಿದರೆ, ಪಕ್ಕದಲ್ಲಿ ಕಟ್ಟಡ ಕೆಲಸ ಶುರುವಾಗಿ ಹಗಲೆಲ್ಲ ಡ್ರಿಲ್ಲಿಂಗ್ ಸದ್ದಾದರೆ, ಓನರ್ ಮನೆ ಮಾರಿದರೆ, ನಿಮ್ಮ ಕೈಯಲ್ಲಿ ಇರುವ ಒಂದೇ ಹಿಡಿತವಾದ ಬಾಡಿಗೆಯನ್ನು ನೀವು ಆಗಲೇ ಕೊಟ್ಟುಬಿಟ್ಟಿರುತ್ತೀರಿ.

ಶೇರಿಂಗ್ ಮನೆ ಬಗ್ಗೆ ಒಂದೇ ಎಚ್ಚರಿಕೆ. ಮೂವರೂ ಸೇರಿ ಒಂದೇ ಅಗ್ರಿಮೆಂಟ್‌ಗೆ ಸಹಿ ಹಾಕಿದರೆ, ಒಬ್ಬರು ಬಿಟ್ಟು ಹೋದಾಗ ಪೂರ್ತಿ ಬಾಡಿಗೆಯ ಹೊಣೆ ಉಳಿದವರ ಮೇಲೆ ಬೀಳುವ ಹಾಗೆ ಅದರಲ್ಲಿ ಬರೆದಿರಬಹುದು. ಓದಿ. ನಿಮ್ಮ ರೂಮಿಗೆ, ನಿಮ್ಮ ಪಾಲಿಗೆ ಮಾತ್ರ ಹೊಣೆ ಅಂತ ಬರೆಸಲು ಆಗುತ್ತದಾ ಕೇಳಿ. ಎಷ್ಟು ತಿಂಗಳು ಬಿಡುವಂತಿಲ್ಲ, ಬಿಡುವಾಗ ಎಷ್ಟು ದಿನ ಮೊದಲು ಹೇಳಬೇಕು, ಡೆಪಾಸಿಟ್‌ನಲ್ಲಿ ಯಾವುದಕ್ಕೆಲ್ಲ ಹಿಡಿದುಕೊಳ್ಳುತ್ತಾರೆ, ಎಷ್ಟು ದಿನದಲ್ಲಿ ವಾಪಸ್ ಕೊಡುತ್ತಾರೆ, ಇವೆಲ್ಲ ಬಾಯಿಮಾತಲ್ಲಿ ಇರಬಾರದು. ಒಳಗೆ ಹೋದ ದಿನವೇ ಗೋಡೆಯ ಕಲೆ, ಒಡೆದ ಟೈಲ್ಸ್, ಕಿಟಕಿಯ ಚಿಲಕ ಎಲ್ಲದರ ವಿಡಿಯೊ ಮಾಡಿ ಓನರ್‌ಗೆ ಕಳಿಸಿಬಿಡಿ.

ರೂಮ್ ನೋಡಲು ಹೋಗುವುದು ಸಂಜೆ ಏಳು ಗಂಟೆಗೆ. ಹಗಲಲ್ಲಿ ಅಲ್ಲ. ಎಲ್ಲರೂ ಮನೆಗೆ ಬಂದಿರುತ್ತಾರೆ, ಇಂಟರ್‌ನೆಟ್ ಮೇಲೆ ಒತ್ತಡ ಇರುತ್ತದೆ, ಮೇಲಿನ ಮನೆಯವರ ಕಾಲಿನ ಸದ್ದು ಕೇಳುತ್ತದೆ. ಮೇಜು ಎಲ್ಲಿ ಹಾಕುತ್ತೀರೋ ಆ ಜಾಗದಲ್ಲಿ ನೆಲದ ಮೇಲೇ ಕೂತುಕೊಳ್ಳಿ. ಬಾಗಿಲು ಮುಚ್ಚಿ. ಅಲ್ಲಿಂದಲೇ ಒಬ್ಬರಿಗೆ ವಿಡಿಯೊ ಕಾಲ್ ಮಾಡಿ ಹತ್ತು ನಿಮಿಷ ಮಾತಾಡಿ. ಪ್ಲಗ್ ಪಾಯಿಂಟ್ ಕೈಗೆ ಎಟಕುತ್ತದಾ? ನಲ್ಲಿ ತಿರುಗಿಸಿ ನೀರು ಬರುವುದನ್ನು ನೋಡಿ. ಸ್ಪೀಡ್ ಟೆಸ್ಟ್ ಮಾಡುವಾಗ ಡೌನ್‌ಲೋಡ್ ಅಂಕಿ ನೋಡಿ ಖುಷಿಪಡಬೇಡಿ, ನಿಮಗೆ ಬೇಕಿರುವುದು ಅಪ್‌ಲೋಡ್. 1 ಜಿಬಿ ಫೈಲ್ ಕ್ಲೈಂಟ್‌ಗೆ ಕಳಿಸಲು 5 ಎಂಬಿಪಿಎಸ್ ಅಪ್‌ಲೋಡ್‌ನಲ್ಲಿ ಸುಮಾರು 27 ನಿಮಿಷ ಬೇಕು. 50 ಇದ್ದರೆ ಮೂರು ನಿಮಿಷದೊಳಗೆ. ದಿನಕ್ಕೆ ನಾಲ್ಕು ಸಲ ಕಳಿಸುವವರಿಗೆ ಇದು ಸಣ್ಣ ವ್ಯತ್ಯಾಸ ಅಲ್ಲ. ಬಾಡಿಗೆ ಸ್ವಲ್ಪ ಕಡಿಮೆ ಅಂತ ಇದರಲ್ಲಿ ರಾಜಿಯಾದರೆ ಆ ಉಳಿತಾಯವನ್ನು ಎಲ್ಲೋ ಕೂತು ಕೆಲಸ ಮಾಡುವ ಜಾಗಕ್ಕೆ ಕೊಡಬೇಕಾಗುತ್ತದೆ.

ಹಣದ ಲೆಕ್ಕ ಸರಿ ಇದ್ದೂ ವಾಪಸ್ ಬಂದವರನ್ನು ನೋಡಿದ್ದೇನೆ. ಒಬ್ಬ ಹುಡುಗಿ ಏಳನೇ ವಾರಕ್ಕೆ ಬಂದಳು. “ಇವತ್ತು ಮಾತಾಡಿದ್ದು ಅಂಗಡಿಯವರ ಹತ್ತಿರ ಮಾತ್ರ ಅಂತ ರಾತ್ರಿ ಗೊತ್ತಾಗುತ್ತಿತ್ತು ಸರ್” ಅಂದಳು. ಆಫೀಸಿಗೆ ಹೋಗುವವರಿಗೆ ಇಷ್ಟವೋ ಕಷ್ಟವೋ ದಿನವೂ ಕಾಣುವ ಮುಖಗಳಿರುತ್ತವೆ. ಫ್ರೀಲ್ಯಾನ್ಸ್ ಮಾಡುವವರಿಗೆ ಅದಿಲ್ಲ. ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರ ಅಧ್ಯಯನದಲ್ಲಿ ಲೆಕ್ಕ ಹಾಕಿದ್ದಾರೆ: ಪರಿಚಯದವರು ಸಾಧಾರಣ ಸ್ನೇಹಿತರಾಗಲು ಸುಮಾರು 50 ಗಂಟೆ ಜೊತೆಗಿರಬೇಕು, ಸ್ನೇಹಿತರು ಅನ್ನಿಸಿಕೊಳ್ಳಲು 90, ಆಪ್ತರಾಗಲು 200ಕ್ಕಿಂತ ಜಾಸ್ತಿ. ವಾರಕ್ಕೆ ನಾಲ್ಕು ಗಂಟೆ ಒಬ್ಬರ ಜೊತೆ ಕಳೆದರೂ ಆ ಮೊದಲ 50 ಗಂಟೆಗೇ ಮೂರು ತಿಂಗಳು ಹಿಡಿಯುತ್ತದೆ. ಆದ್ದರಿಂದ ಎರಡನೇ ತಿಂಗಳಲ್ಲಿ ಒಂಟಿ ಅನ್ನಿಸಿದರೆ ನಿಮ್ಮಲ್ಲೇನೋ ಕೊರತೆ ಇದೆ ಅಂದುಕೊಳ್ಳಬೇಡಿ. ವಾರದಲ್ಲಿ ಒಂದೇ ದಿನ, ಒಂದೇ ಹೊತ್ತಿಗೆ, ಅದೇ ಜನ ಸೇರುವ ಯಾವುದಕ್ಕಾದರೂ ಸೇರಿಕೊಳ್ಳಿ. ಓಟ, ಹಾಡು, ಭಾಷೆ ಕಲಿಯುವುದು, ಯಾವುದಾದರೂ ಸರಿ. ಹೊಸ ಹೊಸ ಜನರನ್ನು ಹುಡುಕುವುದಕ್ಕಿಂತ ಅದೇ ಮುಖಗಳನ್ನು ಮತ್ತೆ ಮತ್ತೆ ನೋಡುವುದು ಮುಖ್ಯ. ಶೇರಿಂಗ್ ಮನೆಯ ದೊಡ್ಡ ಲಾಭ ನನ್ನ ಕಣ್ಣಿಗೆ ಬಾಡಿಗೆಗಿಂತ ಇದೇ.

ನಿಮ್ಮ ಅಪ್ಪ ಹೇಳುವುದರಲ್ಲಿ ತಪ್ಪಿಲ್ಲ. ನೌಕರಿ ಹಿಡಿದು ಹೋದರೆ ಸ್ಯಾಲರಿ ಸ್ಲಿಪ್ ಸಿಗುತ್ತದೆ, ತಾರೀಖಿಗೆ ಸರಿಯಾಗಿ ಹಣ ಬರುತ್ತದೆ, ಪರಿಚಯಗಳೂ ಆಗುತ್ತವೆ. ಆದರೆ ಈಗಿರುವ ಮೂವರು ಕ್ಲೈಂಟ್‌ಗಳನ್ನು ಬಿಡಬೇಕಾಗಬಹುದು. ಕಟ್ಟಿಕೊಂಡದ್ದನ್ನು ಬಿಟ್ಟು ಎರಡು ವರ್ಷದ ಮೇಲೆ ಮತ್ತೆ ಶುರು ಮಾಡುವುದು ಸುಲಭ ಅಲ್ಲ. ಇನ್ನೊಂದು ದಾರಿ, ನಾಲ್ಕು ತಿಂಗಳು ಕಾಯುವುದು. ಮನೆಯಲ್ಲೇ ಇದ್ದರೆ ಕೆಟ್ಟ ತಿಂಗಳಲ್ಲೂ 50 ಉಳಿಯುತ್ತದೆ. ನಾಲ್ಕು ತಿಂಗಳಿಗೆ ಕಡಿಮೆ ಅಂದರೂ 200. ಉಳಿತಾಯ 700. ಇದರ ಅಪಾಯ ಒಂದೇ: ನಾಲ್ಕು ತಿಂಗಳು ಎಂಟಾಗುತ್ತದೆ, ಎಂಟು ಹೋಗಿ ಒಂದು ವರ್ಷವಾಗುತ್ತದೆ. ಕಾಯುವುದಾದರೆ ಹೊರಡುವ ತಾರೀಖು ಇವತ್ತೇ ಬರೆದಿಡಿ.

ನಾನು ನಿಮ್ಮ ಜಾಗದಲ್ಲಿದ್ದರೆ ಹೀಗೆ ಮಾಡುತ್ತಿದ್ದೆ. ದೊಡ್ಡ ಕ್ಲೈಂಟ್‌ನಿಂದ ಮೂರು ತಿಂಗಳ ಮಾತು ಬರಹದಲ್ಲಿ ಸಿಕ್ಕರೆ ಮತ್ತು ಒಬ್ಬರಾದರೂ ಮುಂಗಡಕ್ಕೆ ಒಪ್ಪಿದರೆ, ಮೂರು ತಿಂಗಳ ಪ್ರಯೋಗಕ್ಕೆ ಹೋಗುತ್ತಿದ್ದೆ. ಡೆಪಾಸಿಟ್ ಇಲ್ಲದ ಜಾಗಕ್ಕೆ. ಎರಡರಲ್ಲಿ ಒಂದೂ ಆಗದಿದ್ದರೆ ನಾಲ್ಕು ತಿಂಗಳು ಕಾದು, ಆ ಸಮಯದಲ್ಲಿ ನಾಲ್ಕನೇ ಕ್ಲೈಂಟ್ ಹುಡುಕುತ್ತಿದ್ದೆ. ಆ ಇಬ್ಬರು ಹುಡುಗಿಯರ ಮನೆ ನಿಮಗೆ ಇಷ್ಟವಾಗಿದ್ದರೆ, ಡೆಪಾಸಿಟ್‌ನ್ನು ಒಂದು ತಿಂಗಳಿಗೆ ಇಳಿಸಿ, ಮೂರು ತಿಂಗಳಿಗೆ ಬಿಡುವ ಅವಕಾಶ ಕೊಡುತ್ತಾರಾ ಕೇಳಿ ನೋಡಿ. ಕೇಳುವುದರಲ್ಲಿ ನಷ್ಟವಿಲ್ಲ.

ಹೋಗುವ ಮೊದಲು ಆ ಲೆಕ್ಕದ ಹಾಳೆಯ ಕೆಳಗೆ ಒಂದು ಗೆರೆ ಎಳೆದು 130 ಅಂತ ಬರೆಯಿರಿ. ವಾಪಸ್ ಪ್ರಯಾಣಕ್ಕೆ 30, ಬಂದ ಮೇಲೆ ಒಂದು ತಿಂಗಳಿಗೆ 100. ಬ್ಯಾಂಕಿನಲ್ಲಿ ಹಣ ಆ ಗೆರೆ ಮುಟ್ಟಿದ ದಿನ ವಾಪಸ್ ಬರುವುದು. ಸಾಲ ಮಾಡಿ ಇನ್ನೊಂದು ತಿಂಗಳು ನೋಡೋಣ ಅನ್ನುವುದಿಲ್ಲ. ಈ ಗೆರೆಯನ್ನು ಈಗ, ಮನಸ್ಸು ಶಾಂತವಾಗಿರುವಾಗಲೇ ಎಳೆಯಬೇಕು. ಕೈ ಖಾಲಿಯಾಗುವ ಹೊತ್ತಿಗೆ ಯಾರಿಗೂ ಎಳೆಯಲು ಆಗುವುದಿಲ್ಲ. ಎಳೆದ ಮೇಲೆ ಹಾಳೆಯನ್ನು ಅಪ್ಪನಿಗೆ ತೋರಿಸಿ. ಅವರು ಮೊದಲು ಕೇಳುವ ಪ್ರಶ್ನೆ ಆ ದೊಡ್ಡ ಕ್ಲೈಂಟ್ ಬಗ್ಗೆಯೇ ಇರಬಹುದು. ಅದಕ್ಕೇ ಆ ಕ್ಲೈಂಟ್‌ಗೆ ಬರೆಯುವ ಇಮೇಲ್ ಸೋಮವಾರ ಬೆಳಿಗ್ಗೆಯೇ ಹೋಗಲಿ.